ಬೀಟ್ರಿಕ್ಸ್ ಪಾಟರ್

ಹೆಲೆನ್ ಬೀಟ್ರಿಕ್ಸ್ ಪಾಟರ್ (ಜುಲೈ ೨೮, ೧೮೬೬ – ಡಿಸೆಂಬರ್ ೨೨, ೧೯೪೩) ಇಂಗ್ಲೆಂಡಿನ ಲೇಖಕಿ, ಚಿತ್ರಕಲಾವಿದೆ, ನಿಸರ್ಗ ಅಧ್ಯಯನಕಾರ್ತಿ ಹಾಗೂ ಕೃಷಿಕರು. ಮಕ್ಕಳಿಗಾಗಿ ತಾವೇ ಬರೆದು ಚಿತ್ರಿಸಿದ ೨೩ ಪುಟ್ಟ ಕಥಾಪುಸ್ತಕಗಳಿಂದ, ಅದರಲ್ಲೂ 'ದಿ ಟೇಲ್ ಆಫ್ ಪೀಟರ್ ರ‍್ಯಾಬಿಟ್' ಕೃತಿಯಿಂದ ಅವರು ಪ್ರಸಿದ್ಧರಾಗಿದ್ದಾರೆ. ಅವರ ಕಥೆಗಳ ಮೊಲ, ಅಳಿಲು, ಬಾತುಕೋಳಿಗಳು ಓಡಾಡುವ ಹಲವು ತೋಟಗಳು ಅವರು ಸ್ವತಃ ಕಂಡು ಚಿತ್ರಿಸಿಕೊಂಡ ನೈಜ ತೋಟಗಳು. ಪುಸ್ತಕಗಳ ಆದಾಯ ಹಾಗೂ ಪಿತ್ರಾರ್ಜಿತ ಹಣದಿಂದ ವಾಯವ್ಯ ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್ ಪ್ರದೇಶದಲ್ಲಿ ಜಮೀನುಗಳನ್ನು ಕೊಂಡ ಅವರು, ಕೊನೆಗೆ ಅವುಗಳನ್ನು ಸಂರಕ್ಷಣೆಗಾಗಿ ಬಿಟ್ಟುಕೊಟ್ಟರು.

ಬಾಲ್ಯ

ಪಾಟರ್ ಅವರು ಲಂಡನ್ನಿನ ಶ್ರೀಮಂತ ಕುಟುಂಬವೊಂದರಲ್ಲಿ ಜನಿಸಿದರು. ತಂದೆ ರೂಪರ್ಟ್ ಪಾಟರ್ ನ್ಯಾಯಶಾಸ್ತ್ರ ಓದಿದವರು, ಹವ್ಯಾಸಿ ಛಾಯಾಗ್ರಾಹಕರು. ತಾಯಿ ಹೆಲೆನ್. ಇಬ್ಬರ ಮನೆತನಗಳ ಸಂಪತ್ತೂ ಹತ್ತಿಯ ಉದ್ಯಮದಿಂದ ಬಂದುದು. ಪಾಟರ್ ಶಾಲೆಗೆ ಹೋಗಲಿಲ್ಲ. ಶಿಕ್ಷಕಿಯರು ಮನೆಗೇ ಬಂದು ಪಾಠ ಹೇಳುತ್ತಿದ್ದರು. ಒಡನಾಡಿ ಮಕ್ಕಳು ವಿರಳವಾಗಿದ್ದ ಆ ಮನೆಯಲ್ಲಿ ಅವರೂ ತಮ್ಮ ಬರ್ಟ್ರಮ್ ಕೂಡ ಮೊಲ, ಇಲಿ, ಕಪ್ಪೆ, ಬಾವಲಿ ಮುಂತಾದ ಜೀವಿಗಳನ್ನು ಸಾಕಿ, ಅವುಗಳನ್ನು ಗಮನಿಸಿ ಚಿತ್ರ ಬಿಡಿಸುತ್ತಿದ್ದರು.

ಪ್ರತಿ ಬೇಸಿಗೆಯಲ್ಲಿ ಕುಟುಂಬವು ಸ್ಕಾಟ್ಲೆಂಡಿನ ಪರ್ತ್‌ಶೈರ್‌ನಲ್ಲಿದ್ದ ಡಾಲ್‌ಗೈಸ್ ಎಂಬ ಮನೆಯಲ್ಲಿ ತಂಗುತ್ತಿತ್ತು. ೧೮೮೨ರಲ್ಲಿ ಮೊದಲ ಬಾರಿಗೆ ಲೇಕ್ ಡಿಸ್ಟ್ರಿಕ್ಟ್‌ನ ವಿಂಡರ್‌ಮಿಯರ್ ಸರೋವರದ ದಡದಲ್ಲಿರುವ ರೇ ಕ್ಯಾಸಲ್‌ನಲ್ಲಿ ಬಿಡಾರ ಹೂಡಿತು. ಅಲ್ಲಿನ ಪಾದ್ರಿ ಹಾರ್ಡ್‌ವಿಕ್ ರಾನ್ಸ್‌ಲಿ ಕುಟುಂಬದ ಸ್ನೇಹಿತರಾದರು. ೧೮೯೫ರಲ್ಲಿ ಸ್ಥಾಪನೆಯಾದ ನ್ಯಾಷನಲ್ ಟ್ರಸ್ಟ್ ಎಂಬ ಸಂರಕ್ಷಣಾ ಸಂಸ್ಥೆಯ ಮೂವರು ಸಂಸ್ಥಾಪಕರಲ್ಲಿ ರಾನ್ಸ್‌ಲಿ ಒಬ್ಬರು. ಈ ಪರಿಚಯವು ಪಾಟರ್ ಅವರ ಮುಂದಿನ ಬದುಕಿನ ಮೇಲೆ ಗಾಢ ಪ್ರಭಾವ ಬೀರಿತು.

ಶಿಲೀಂಧ್ರಗಳ ಅಧ್ಯಯನ

೧೮೯೦ರ ದಶಕದಲ್ಲಿ ಪಾಟರ್ ಅಣಬೆ ಹಾಗೂ ಇತರ ಶಿಲೀಂಧ್ರಗಳ ಅಧ್ಯಯನದಲ್ಲಿ ತೊಡಗಿದರು. ಪರ್ತ್‌ಶೈರ್‌ನ ಅಂಚೆಪೇದೆಯೂ ನಿಸರ್ಗತಜ್ಞರೂ ಆಗಿದ್ದ ಚಾರ್ಲ್ಸ್ ಮೆಕಿಂತೋಷ್ ಅವರಿಗೆ ಮಾರ್ಗದರ್ಶನ ನೀಡಿದರು. ಸೂಕ್ಷ್ಮದರ್ಶಕದ ಸಹಾಯದಿಂದ ಬೀಜಕಣಗಳು ಮೊಳೆಯುವ ಬಗೆಯನ್ನು ಗಮನಿಸಿದ ಪಾಟರ್, ಆ ಕುರಿತು ಪ್ರಬಂಧವೊಂದನ್ನು ಸಿದ್ಧಪಡಿಸಿದರು. ೧೮೯೭ರ ಏಪ್ರಿಲ್‌ನಲ್ಲಿ ಲಂಡನ್ನಿನ ಲಿನಿಯನ್ ಸೊಸೈಟಿಯ ಸಭೆಯಲ್ಲಿ ಅದು ಮಂಡನೆಯಾಯಿತು. ಮಹಿಳೆಯರಿಗೆ ಆ ಸಭೆಗಳಿಗೆ ಪ್ರವೇಶವಿರಲಿಲ್ಲವಾದ್ದರಿಂದ ಕ್ಯೂ ಸಸ್ಯೋದ್ಯಾನದ ಜಾರ್ಜ್ ಮ್ಯಾಸೀ ಅದನ್ನು ಅವರ ಪರವಾಗಿ ಮಂಡಿಸಿದರು. ಪ್ರಬಂಧವನ್ನು ಬಳಿಕ ಹಿಂಪಡೆಯಲಾಯಿತು. ಅದು ಪ್ರಕಟವಾಗಲೇ ಇಲ್ಲ. ಆದರೆ ಅವರು ಬಿಡಿಸಿದ ಶಿಲೀಂಧ್ರಗಳ ಜಲವರ್ಣ ಚಿತ್ರಗಳು ಆಂಬಲ್‌ಸೈಡ್‌ನ ಆರ್ಮಿಟ್ ಸಂಗ್ರಹಾಲಯದಲ್ಲಿ ಉಳಿದಿವೆ. ೧೯೬೭ರಲ್ಲಿ ಪ್ರಕಟವಾದ ಶಿಲೀಂಧ್ರಗಳ ಕುರಿತ ಗ್ರಂಥವೊಂದರಲ್ಲಿ ಅವುಗಳಲ್ಲಿ ಹಲವನ್ನು ಬಳಸಿಕೊಳ್ಳಲಾಯಿತು.

ಕಥಾಪುಸ್ತಕಗಳು

ಪಾಟರ್ ಅವರಿಗೆ ಪಾಠ ಹೇಳಿದ್ದ ಆನಿ ಮೂರ್ ಅವರ ಮಗ ನೋಯೆಲ್ ೧೮೯೩ರಲ್ಲಿ ಕಾಯಿಲೆ ಬಿದ್ದಿದ್ದನು. ಅವನನ್ನು ರಂಜಿಸಲು ಪಾಟರ್ ಸೆಪ್ಟೆಂಬರ್ ೪ರಂದು ನಾಲ್ಕು ಮೊಲದ ಮರಿಗಳ ಕಥೆಯನ್ನು ಚಿತ್ರಸಹಿತ ಪತ್ರವಾಗಿ ಬರೆದರು. ಇದೇ ಪೀಟರ್ ರ‍್ಯಾಬಿಟ್ ಕಥೆಯ ಮೂಲ. ಪುಸ್ತಕವಾಗಿ ಬೆಳೆಸಿದ ಕಥೆಯನ್ನು ಹಲವು ಪ್ರಕಾಶಕರು ನಿರಾಕರಿಸಿದಾಗ, ೧೯೦೧ರ ಡಿಸೆಂಬರ್‌ನಲ್ಲಿ ಅವರು ಸ್ವಂತ ಖರ್ಚಿನಲ್ಲಿ ೨೫೦ ಪ್ರತಿಗಳನ್ನು ಮುದ್ರಿಸಿದರು. ಮರುವರ್ಷ ಫ್ರೆಡರಿಕ್ ವಾರ್ನ್ ಸಂಸ್ಥೆಯು ವರ್ಣಚಿತ್ರಗಳೊಂದಿಗೆ ಅದನ್ನು ಪ್ರಕಟಿಸಿತು. ಪುಸ್ತಕವು ಮಕ್ಕಳ ಕೈಗೆ ಹೊಂದುವಷ್ಟು ಚಿಕ್ಕದಾಗಿಯೂ ಅಗ್ಗವಾಗಿಯೂ ಇರಬೇಕೆಂಬುದು ಪಾಟರ್ ಅವರ ಬಯಕೆಯಾಗಿತ್ತು.

ಅವರ ಪ್ರಾಣಿಗಳು ಉಡುಪು ಧರಿಸಿದರೂ ಅವುಗಳ ಅಂಗರಚನೆ ಮತ್ತು ಚಲನೆ ನಿಜ ಪ್ರಾಣಿಗಳದ್ದೇ ಆಗಿವೆ. ಹಿನ್ನೆಲೆಗಳಲ್ಲೂ ಇದೇ ನಿಷ್ಠೆ ಕಾಣುತ್ತದೆ. ೧೯೦೪ರ ಬೆಂಜಮಿನ್ ಬನ್ನಿ ಕಥೆಗೆ ಡರ್ವೆಂಟ್‌ವಾಟರ್ ಸರೋವರದ ಬಳಿಯ ಫಾ ಪಾರ್ಕ್ ಮನೆಯ ತರಕಾರಿ ತೋಟವೂ, ೧೯೦೯ರ ಫ್ಲಾಪ್ಸಿ ಬನ್ನಿಗಳ ಕಥೆಗೆ ವೇಲ್ಸ್‌ನಲ್ಲಿದ್ದ ಬಂಧುಗಳ ತೋಟವೂ ಆಧಾರವಾದವು.

ಹಿಲ್ ಟಾಪ್ ತೋಟ

ಪ್ರಕಾಶನ ಸಂಸ್ಥೆಯಲ್ಲಿ ಅವರ ಪುಸ್ತಕಗಳ ಹೊಣೆ ಹೊತ್ತಿದ್ದ ನಾರ್ಮನ್ ವಾರ್ನ್ ೧೯೦೫ರ ಜುಲೈನಲ್ಲಿ ವಿವಾಹದ ಪ್ರಸ್ತಾಪವಿಟ್ಟರು. ವ್ಯಾಪಾರಸ್ಥರ ಸಂಬಂಧ ಬೇಡವೆಂದು ಪೋಷಕರು ವಿರೋಧಿಸಿದರೂ ಪಾಟರ್ ಒಪ್ಪಿಗೆ ನೀಡಿದರು. ಆದರೆ ಒಂದು ತಿಂಗಳೊಳಗೆ ನಾರ್ಮನ್ ರಕ್ತದ ಕಾಯಿಲೆಯಿಂದ ನಿಧನರಾದರು. ಅದೇ ವರ್ಷ ಪಾಟರ್ ನಿಯರ್ ಸಾರಿ ಗ್ರಾಮದಲ್ಲಿ ಹಿಲ್ ಟಾಪ್ ಎಂಬ ಕೃಷಿಭೂಮಿಯನ್ನು ಖರೀದಿಸಿದರು.

ಪೋಷಕರೊಂದಿಗೆ ಲಂಡನ್ನಿನಲ್ಲಿರಬೇಕಾಗಿದ್ದ ಅವರು ಬಿಡುವು ದೊರೆತಾಗಲೆಲ್ಲ ಇಲ್ಲಿಗೆ ಬಂದು ತೋಟ ಬೆಳೆಸಿದರು. ನೆರೆಹೊರೆಯವರು ಕೊಟ್ಟ ಸಸಿಗಳನ್ನು ನೆಟ್ಟು, ಹೂಗಿಡ, ಹಣ್ಣು ಮತ್ತು ತರಕಾರಿಗಳನ್ನು ಹಳ್ಳಿಯ ರೀತಿಯಲ್ಲಿ ಒಟ್ಟಾಗಿಯೇ ಬೆಳೆಸಿದರು. ೧೯೦೭ರ ಟಾಮ್ ಕಿಟನ್ ಕಥೆಯಲ್ಲಿ ಈ ಮನೆ ಮತ್ತು ತೋಟವು ಚಿತ್ರಿತವಾಗಿವೆ. ೧೯೦೮ರ ಜೆಮೈಮಾ ಪಡಲ್‌ಡಕ್ ಕಥೆಯಲ್ಲಿ ಬಾತುಕೋಳಿ ಮೊಟ್ಟೆಗಳನ್ನು ಅಡಗಿಸಲು ಯತ್ನಿಸುವುದು ಈ ತೋಟದ ರೂಬಾರ್ಬ್ ಗಿಡಗಳ ನಡುವೆಯೇ.

ಕೃಷಿ ಮತ್ತು ಭೂಸಂರಕ್ಷಣೆ

ಜಮೀನು ಖರೀದಿಯಲ್ಲಿ ನೆರವಾಗುತ್ತಿದ್ದ ಸ್ಥಳೀಯ ವಕೀಲ ವಿಲಿಯಂ ಹೀಲಿಸ್ ಅವರನ್ನು ಪಾಟರ್ ೧೯೧೩ರ ಅಕ್ಟೋಬರ್‌ನಲ್ಲಿ, ತಮ್ಮ ೪೭ನೆಯ ವಯಸ್ಸಿನಲ್ಲಿ ವಿವಾಹವಾದರು. ಬಳಿಕ ಪುಸ್ತಕಗಳು ವಿರಳವಾದವು. ಕೃಷಿ ಹಾಗೂ ಕುರಿ ಸಾಕಣೆ ಮುಖ್ಯವಾದವು. ೧೯೨೩ರಲ್ಲಿ ಟ್ರೌಟ್‌ಬೆಕ್ ಪಾರ್ಕ್ ಎಂಬ ವಿಶಾಲ ಜಮೀನನ್ನು ಕೊಂಡು, ಗುಡ್ಡಗಾಡಿಗೆ ಒಗ್ಗಿದ ಹರ್ಡ್‌ವಿಕ್ ತಳಿಯ ಕುರಿಗಳನ್ನು ಬೆಳೆಸಿದರು. ೧೯೩೦ರಲ್ಲಿ ಸುಮಾರು ೪,೦೦೦ ಎಕರೆಯ ಮಾಂಕ್ ಕಾನಿಸ್ಟನ್ ಜಮೀನು ಹರಿದು ಹಂಚಿಹೋಗದಂತೆ ತಾವೇ ಕೊಂಡು, ಅರ್ಧಭಾಗವನ್ನು ಕೊಂಡ ಬೆಲೆಗೇ ನ್ಯಾಷನಲ್ ಟ್ರಸ್ಟ್‌ಗೆ ನೀಡಿದರು.

ನಿಧನ ಮತ್ತು ಪರಂಪರೆ

ಪಾಟರ್ ಅವರು ೧೯೪೩ರ ಡಿಸೆಂಬರ್ ೨೨ರಂದು ನಿಯರ್ ಸಾರಿಯಲ್ಲಿ ನಿಧನರಾದರು. ಉಯಿಲಿನ ಮೂಲಕ ೪,೦೦೦ ಎಕರೆಗೂ ಹೆಚ್ಚು ಭೂಮಿ, ಕೃಷಿಮನೆಗಳು ಮತ್ತು ಕುರಿಮಂದೆಗಳನ್ನು ನ್ಯಾಷನಲ್ ಟ್ರಸ್ಟ್‌ಗೆ ಬಿಟ್ಟುಕೊಟ್ಟರು. ಗುಡ್ಡದ ಜಮೀನುಗಳಲ್ಲಿ ಶುದ್ಧ ಹರ್ಡ್‌ವಿಕ್ ತಳಿಯೇ ಮುಂದುವರಿಯಬೇಕೆಂದು ಸೂಚಿಸಿದ್ದರು. ಹಿಲ್ ಟಾಪ್ ಮನೆಯು ೧೯೪೬ರಿಂದ ಸಾರ್ವಜನಿಕರ ವೀಕ್ಷಣೆಗೆ ತೆರೆದಿದೆ. ಲೇಕ್ ಡಿಸ್ಟ್ರಿಕ್ಟ್ ಪ್ರದೇಶವನ್ನು ಯುನೆಸ್ಕೊ ೨೦೧೭ರಲ್ಲಿ ವಿಶ್ವ ಪರಂಪರೆಯ ತಾಣವೆಂದು ಘೋಷಿಸಿತು.