ಖಡ್ಗ, ಹಳ್ಳ, ಆಲದಮರ: ಸಂಗೊಳ್ಳಿ ರಾಯಣ್ಣನ ಕಥನ

ಚೀನಾದ ಸಮರಕಲೆಯ ಚಿತ್ರಗಳಲ್ಲಿ ವೀರನ ಖಡ್ಗ ಮಾತಿಲ್ಲದೆಯೇ ಕಥೆ ಹೇಳುತ್ತದೆ. ಯರಗಟ್ಟಿ, ಬೈಲಹೊಂಗಲ ಸೀಮೆಯ ಲಾವಣಿ, ನಾಟಕಗಳಲ್ಲಿ ಆ ಕೆಲಸ ಸಂಗೊಳ್ಳಿ ರಾಯಣ್ಣನ ಖಡ್ಗದ್ದು.

ಊರ ಕಾವಲಿನ ಶೇತಸನದಿ ವೃತ್ತಿಯ ರಾಯಣ್ಣ 1824ರಲ್ಲಿ ಕಿತ್ತೂರಿನ ಪರವಾಗಿ ಬ್ರಿಟಿಷರೊಡನೆ ಕಾದಿದನು. ಸಂಸ್ಥಾನ ಬಿದ್ದಿತು, ರಾಣಿ ಚೆನ್ನಮ್ಮ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ಅಸುನೀಗಿದಳು. ಆದರೂ ಅವನು ಕೈಚೆಲ್ಲಲಿಲ್ಲ. ದತ್ತುಪುತ್ರ ಶಿವಲಿಂಗಪ್ಪನ ಹಕ್ಕಿಗಾಗಿ, ಭೂಮಿ ಕಳೆದುಕೊಂಡವರನ್ನು ಕೂಡಿಸಿ ಸರಕಾರಿ ಕಚೇರಿಗಳಿಗೆ ಬೆಂಕಿಯಿಟ್ಟನು.

ಅವನನ್ನು ಕೆಡವಿದ್ದು ಸ್ವಜನರ ದ್ರೋಹ. 1830ರ ಏಪ್ರಿಲ್‌ನಲ್ಲಿ ಅವನು ಸೆರೆಸಿಕ್ಕ ಬಗೆಯನ್ನು ಲಾವಣಿಕಾರರು ಒಂದೇ ದೃಶ್ಯದಲ್ಲಿ ಕಟ್ಟುತ್ತಾರೆ: ಸ್ನಾನಕ್ಕೆಂದು ಹಳ್ಳಕ್ಕಿಳಿದ ವೀರ, ದಡದಲ್ಲಿ ನಂಬಿದವನ ಕೈಯಲ್ಲಿ ಅವನ ಖಡ್ಗ. ಬರಿಗೈಯಲ್ಲಿ ನೀರಿನ ನಡುವೆ ನಿಂತ ರಾಯಣ್ಣನನ್ನು ಕಂಡಾಗ, ಕಿತ್ತೂರಿನ ಸೋಲನ್ನು ಬೇರೆ ಹೇಳಬೇಕಾಗಿಲ್ಲ.

1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಲಾಯಿತು. 2012ರಲ್ಲಿ ನಾಗಣ್ಣ ನಿರ್ದೇಶನದ ಚಿತ್ರ ಅವನ ಬದುಕನ್ನು ಬೆಳ್ಳಿತೆರೆಗೆ ತಂದಿತು. ಆದರೆ ಕಥೆಯ ಕಡೆಯ ದೃಶ್ಯ ನಂದಗಡದಲ್ಲಿಯೇ ಇದೆ. ಸಮಾಧಿಯ ಬಳಿಯ ಆಲದಮರವನ್ನು ಬಂಟ ಬಿಚ್ಚುಗತ್ತಿ ಚನ್ನಬಸಪ್ಪ ನೆಟ್ಟನೆಂಬುದು ಜನರ ನಂಬಿಕೆ. ರಾಯಣ್ಣನಂಥ ಮಗು ಹುಟ್ಟಲೆಂದು ಹರಕೆ ಹೊತ್ತವರು ಅದರ ಕೊಂಬೆಗಳಿಗೆ ಇಂದಿಗೂ ಪುಟ್ಟ ತೊಟ್ಟಿಲು ಕಟ್ಟುತ್ತಾರೆ.