ನವೆಂಬರ್ 14ರಂದು ಹುಟ್ಟಿದ ಇನ್ನೊಬ್ಬರು

ಮಕ್ಕಳೇ, ನವೆಂಬರ್ 14 ಯಾರ ಜನ್ಮದಿನ? ಬೀದರ್, ಭಾಲ್ಕಿ, ಔರಾದ್ ಎಲ್ಲಿ ಕೇಳಿದರೂ ನೆಹರೂ ಎನ್ನುತ್ತೀರಿ. ಅದೇ ದಿನ, 1891ರಲ್ಲಿ, ಕೆನಡಾದ ರೈತ ಕುಟುಂಬವೊಂದರಲ್ಲಿ ಫ್ರೆಡರಿಕ್ ಬ್ಯಾಂಟಿಂಗ್ ಹುಟ್ಟಿದರು. ಮುಂದೆ ವೈದ್ಯರಾದರು.

ಆಗ ಮಧುಮೇಹ ಬಂದ ಮಗುವಿಗೆ ಉಪಾಹಾರವೇ (ನೀವು ನಾಷ್ಟಾ ಎನ್ನುವುದು) ಶತ್ರು! ತಿಂದ ಆಹಾರದ ಸಕ್ಕರೆ ರಕ್ತದಲ್ಲೇ ಉಳಿಯುತ್ತಿತ್ತು. ವೈದ್ಯರು ಅರೆಹೊಟ್ಟೆಯಲ್ಲಿ ಇಡುತ್ತಿದ್ದರು. ಆದರೂ ಮಕ್ಕಳು ಸೊರಗಿ ಸಾಯುತ್ತಿದ್ದರು. ಸಕ್ಕರೆಯನ್ನು ಜೀವಕೋಶದೊಳಗೆ ಬಿಡುವ ಕೀಲಿಕೈ ಇನ್ಸುಲಿನ್. ಅದನ್ನು ಸ್ರವಿಸುವುದು ಮೇದೋಜೀರಕ ಗ್ರಂಥಿ. 1921ರಲ್ಲಿ ಟೊರಾಂಟೊದ ಮ್ಯಾಕ್ಲಿಯೋಡ್ ಅವರ ಪ್ರಯೋಗಾಲಯದಲ್ಲಿ ಬ್ಯಾಂಟಿಂಗ್ ಮತ್ತು ವಿದ್ಯಾರ್ಥಿ ಬೆಸ್ಟ್ ನಾಯಿಗಳ ಆ ಗ್ರಂಥಿಯಿಂದ ಅದರ ಸಾರ ತೆಗೆದರು. 1922ರ ಜನವರಿಯಲ್ಲಿ ಬಾಲಕ ಲೆನಾರ್ಡ್ ಥಾಂಪ್ಸನ್‌ಗೆ ಚುಚ್ಚಿದ ಮೊದಲ ಮದ್ದು ಅಶುದ್ಧವಾಗಿತ್ತು, ಫಲಿಸಲಿಲ್ಲ. ಕೊಲಿಪ್ ಅದನ್ನು ಶುದ್ಧಗೊಳಿಸಿದರು. 12 ದಿನಗಳ ಬಳಿಕ ಸಕ್ಕರೆ ಇಳಿಯಿತು. ಹುಡುಗ ಇನ್ನೂ 13 ವರ್ಷ ಬದುಕಿದ!

1923ರ ನೊಬೆಲ್ ಬ್ಯಾಂಟಿಂಗ್ ಮತ್ತು ಮ್ಯಾಕ್ಲಿಯೋಡ್ ಅವರಿಗೆ ಬಂತು. ತಮ್ಮ ಹಣದಲ್ಲಿ ಅರ್ಧವನ್ನು ಬ್ಯಾಂಟಿಂಗ್ ಬೆಸ್ಟ್‌ಗೆ ಕೊಟ್ಟರು. 1941ರಲ್ಲಿ ವಿಮಾನ ಅಪಘಾತದಲ್ಲಿ ತೀರಿಕೊಂಡರು. ಅವರ ಜನ್ಮದಿನವೇ ಇಂದು ವಿಶ್ವ ಮಧುಮೇಹ ದಿನ.

ಇನ್ಸುಲಿನ್ ತಯಾರಿಯ ಸೂಚನೆ ನಮ್ಮ 11ನೇ ವರ್ಣತಂತುವಿನ ಜೀನಿನಲ್ಲಿದೆ. ತಂದೆತಾಯಿಯಿಂದ ಬಂದ ಹಲವು ಜೀನ್‌ಗಳು ಕೆಲವರಲ್ಲಿ ಮಧುಮೇಹದ ಸಾಧ್ಯತೆ ಹೆಚ್ಚಿಸುತ್ತವೆ. ಅವನ್ನು ನೀವು ಆರಿಸಿಕೊಳ್ಳಲಾರಿರಿ, ನಾಷ್ಟಾ ಆರಿಸಿಕೊಳ್ಳಬಹುದು. ಸಿಹಿ ಚಹಾ, ಬಿಸ್ಕತ್ತು ರಕ್ತದ ಸಕ್ಕರೆಯನ್ನು ಥಟ್ಟನೆ ಏರಿಸುತ್ತವೆ. ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ ತಿಂದರೆ ನಾರು, ಪ್ರೋಟೀನ್‌ನಿಂದಾಗಿ ಅದು ನಿಧಾನವಾಗಿ ಏರುತ್ತದೆ.

ಲೆನಾರ್ಡ್‌ಗಿದ್ದ ಬಗೆಯ ಮಧುಮೇಹ ಸಿಹಿ ತಿಂದು ಬರುವುದಲ್ಲ. ಅಂಥ ಮಗು ಇಂದು ಇನ್ಸುಲಿನ್ ಚುಚ್ಚಿಸಿಕೊಂಡು, ನಿಮ್ಮ ಪಕ್ಕದಲ್ಲೇ ಕುಳಿತು ರೊಟ್ಟಿ ತಿನ್ನುತ್ತದೆ.