ರಿಚರ್ಡ್ ಬ್ರೈಟ್

ಹತ್ತೊಂಬತ್ತನೆಯ ಶತಮಾನದ ಆದಿಯಲ್ಲಿ ಲಂಡನ್ನಿನ ಆಸ್ಪತ್ರೆಗಳಿಗೆ ಮುಖ ಊದಿಕೊಂಡು, ಕಾಲುಗಳಲ್ಲಿ ನೀರು ತುಂಬಿ, ಏದುಸಿರು ಬಿಡುತ್ತ ಬರುವ ರೋಗಿಗಳು ಬಹಳ ಮಂದಿ. ಆ ಊತವನ್ನೇ ರೋಗವೆಂದು ವೈದ್ಯರು ಬಗೆದಿದ್ದರು. ಅಂಥ ಅನೇಕರಲ್ಲಿ ರೋಗದ ಬೇರು ಮೂತ್ರಪಿಂಡಗಳಲ್ಲಿದೆಯೆಂದು ತೋರಿಸಿಕೊಟ್ಟವನು ರಿಚರ್ಡ್ ಬ್ರೈಟ್.

ಬ್ರೈಟ್ ಹುಟ್ಟಿದ್ದು 1789ರ ಸೆಪ್ಟೆಂಬರ್ 28ರಂದು, ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ. ತಂದೆ ಸಿರಿವಂತ ವರ್ತಕ. ಎಡಿನ್‌ಬರೊದಲ್ಲಿ ವ್ಯಾಸಂಗ ಮಾಡುತ್ತಿರುವಾಗಲೇ, 1810ರಲ್ಲಿ, ಐಸ್‌ಲೆಂಡ್ ದ್ವೀಪಕ್ಕೆ ಹೋಗಿ ಅಲ್ಲಿಯ ಸಸ್ಯಗಳನ್ನೂ ಪ್ರಾಣಿಗಳನ್ನೂ ಪರಿಶೀಲಿಸಿ ಬಂದನು. 1813ರಲ್ಲಿ ವೈದ್ಯಪದವಿ ಪಡೆದನು. ಅನಂತರ ಹಂಗೆರಿಯಲ್ಲಿ ಸಂಚರಿಸಿ, ತಾನೇ ಬರೆದ ಚಿತ್ರಗಳೊಡನೆ ಪ್ರವಾಸಗ್ರಂಥವೊಂದನ್ನು 1818ರಲ್ಲಿ ಪ್ರಕಟಿಸಿದನು. ಕಂಡುದನ್ನು ಕಂಡಂತೆ ಬರೆದಿಡುವ ಅಭ್ಯಾಸ ಅವನಿಗೆ ಹೀಗೆ ಬಂದಿತು.

1820ರಲ್ಲಿ ಅವನು ಲಂಡನ್ನಿನ ಗೈಸ್ ಆಸ್ಪತ್ರೆಯನ್ನು ಸೇರಿದನು. ಅಲ್ಲಿ ಅವನು ನೆಚ್ಚಿದ ಉಪಕರಣಗಳು ಒಂದು ಚಮಚ ಮತ್ತು ಒಂದು ಮೇಣದ ಬತ್ತಿ! ರೋಗಿಯ ಮೂತ್ರವನ್ನು ಚಮಚದಲ್ಲಿ ಹಾಕಿ ಉರಿಯ ಮೇಲೆ ಹಿಡಿದರೆ, ಕೆಲವರ ಮೂತ್ರ ಬೆಂದ ಮೊಟ್ಟೆಯ ಬಿಳಿಯಂತೆ ಹೆಪ್ಪುಗಟ್ಟುತ್ತಿತ್ತು. ರಕ್ತದಲ್ಲಿ ಉಳಿಯಬೇಕಾದ ಸಸಾರಜನಕ ಹೊರಕ್ಕೆ ಹರಿದುಹೋಗುತ್ತಿದೆಯೆಂಬುದಕ್ಕೆ ಅದೇ ಸಾಕ್ಷಿ. ಅಂಥವರು ತೀರಿಕೊಂಡಾಗ ಶವಪರೀಕ್ಷೆ ಮಾಡಿ ನೋಡಿದರೆ ಮೂತ್ರಪಿಂಡಗಳು ಕೆಟ್ಟಿರುತ್ತಿದ್ದುವು. ಊತ, ಮೂತ್ರ, ಮೂತ್ರಪಿಂಡ ಈ ಮೂರನ್ನೂ ಒಂದೇ ಸೂತ್ರದಲ್ಲಿ ಪೋಣಿಸಿದ ಗ್ರಂಥ 1827ರಲ್ಲಿ ಹೊರಬಂದಿತು. ಆ ರೋಗವನ್ನು ವೈದ್ಯರು ಬಹುಕಾಲ ಬ್ರೈಟನ ಕಾಯಿಲೆಯೆಂದೇ ಕರೆದರು.

ಆದರೆ ಅವನ ಮನಸ್ಸನ್ನು ಇನ್ನೊಂದು ಸಂಗತಿ ಕಾಡುತ್ತಿತ್ತು. ಮೂತ್ರಪಿಂಡ ಕೆಟ್ಟವನ ಹೃದಯವೇಕೆ ದಪ್ಪವಾಗಿರುತ್ತದೆ? 1836ರಲ್ಲಿ ಅವನು ನೂರು ರೋಗಿಗಳ ವಿವರವನ್ನು ಒಟ್ಟುಗೂಡಿಸಿದನು. 52 ಮಂದಿಯ ಹೃದಯ ಬೆಳೆದಿತ್ತು. ಅವರಲ್ಲಿ 34 ಮಂದಿಗೆ ಕವಾಟಗಳ ದೋಷವಿರಲಿಲ್ಲ. ಆ 34ರಲ್ಲಿ 11 ಮಂದಿಯ ಮಹಾಪಧಮನಿ ಕೆಟ್ಟಿತ್ತು. ಉಳಿದ 23 ಮಂದಿಯಲ್ಲಿ ಕಣ್ಣಿಗೆ ಕಾಣುವ ಕಾರಣವೇ ಇಲ್ಲ! ಕೆಟ್ಟ ರಕ್ತವು ಹೃದಯವನ್ನು ನೇರವಾಗಿ ಕೆಣಕುತ್ತಿರಬೇಕು, ಇಲ್ಲವೇ ಅತಿಸೂಕ್ಷ್ಮ ರಕ್ತನಾಳಗಳಲ್ಲಿ ರಕ್ತದ ಹರಿವಿಗೆ ತಡೆಯುಂಟಾಗಿ ಹೃದಯ ಹೆಚ್ಚು ಬಲದಿಂದ ನೂಕಬೇಕಾಗಿರಬೇಕು ಎಂದು ಬ್ರೈಟ್ ಊಹಿಸಿದನು. ರಕ್ತದೊತ್ತಡವೆಂಬ ಮಾತನ್ನು ಅವನು ಆಡಲಿಲ್ಲ. ತೋಳಿಗೆ ಪಟ್ಟಿ ಸುತ್ತಿ ಅದನ್ನು ಅಳೆಯುವ ಸಾಧನವನ್ನು ಇಟಲಿಯ ರಿವಾ-ರೋಚಿ ಪ್ರಕಟಪಡಿಸಿದ್ದು 1896ರಲ್ಲಿ.

ಅವನ ಎರಡನೆಯ ಊಹೆ ಬಹುಮಟ್ಟಿಗೆ ಸರಿಯೆಂದು ಈಗ ತಿಳಿದಿದೆ. ಕೆಟ್ಟ ಮೂತ್ರಪಿಂಡಗಳು ಉಪ್ಪನ್ನೂ ನೀರನ್ನೂ ಸರಿಯಾಗಿ ಹೊರಹಾಕಲಾರವು. ಅಷ್ಟೇ ಅಲ್ಲ, ಅವು ನರಗಳ ಮೂಲಕ ಮಿದುಳಿಗೆ ಎಡೆಬಿಡದೆ ಕರೆ ಕಳುಹಿಸುತ್ತಿರುತ್ತವೆ. ಇದರಿಂದ ಅನುವೇದನಾ ನರವ್ಯೂಹ ಕೆರಳಿ, ರಕ್ತನಾಳಗಳನ್ನು ಬಿಗಿದು, ಹೃದಯವನ್ನು ಚುರುಕುಗೊಳಿಸುತ್ತದೆ. ಅದನ್ನು ತಡೆದು ಸಮತೂಗಿಸಬೇಕಾದ ಪರಾನುವೇದನಾ ನರವ್ಯೂಹದ ಹಿಡಿತ ಸಡಿಲವಾಗುತ್ತದೆ. ಆರೋಗ್ಯವಂತರು ನಿದ್ರಿಸುವಾಗ ರಕ್ತದೊತ್ತಡ ಇಳಿಯುವುದು ಸಹಜ. ಈ ರೋಗಿಗಳಲ್ಲಿ ಅನೇಕರಿಗೆ ಆ ಇಳಿತವೇ ಇಲ್ಲ. ಹಗಲಿರುಳೂ ದುಡಿಯುವ ಹೃದಯ ದಪ್ಪವಾಗುವುದರಲ್ಲಿ ಆಶ್ಚರ್ಯವೇನು?

1842ರಲ್ಲಿ ಗೈಸ್ ಆಸ್ಪತ್ರೆಯು 42 ಹಾಸಿಗೆಗಳ ಎರಡು ವಾರ್ಡುಗಳನ್ನೂ ಒಂದು ಪ್ರಯೋಗಾಲಯವನ್ನೂ ಆರು ತಿಂಗಳ ಕಾಲ ಈ ಒಂದೇ ರೋಗದ ಅಧ್ಯಯನಕ್ಕೆ ಬಿಟ್ಟುಕೊಟ್ಟಿತು. ಆ ಕಾಲಕ್ಕೆ ಅದು ಹೊಸ ಸಾಹಸ. ಆದರೂ ರೋಗದ ಮೂಲವನ್ನು ಕಂಡವನ ಕೈಯಲ್ಲಿ ಅದಕ್ಕೆ ಮದ್ದಿರಲಿಲ್ಲ. ಎಲ್ಲರಂತೆ ಅವನೂ ರಕ್ತ ಹರಿಸಿದನು, ಭೇದಿಗೆ ಕೊಟ್ಟನು. ರೋಗಿಗಳು ಸಾಯುತ್ತಲೇ ಇದ್ದರು. ಅವನು ಬರೆದಿಡುವುದನ್ನು ನಿಲ್ಲಿಸಲಿಲ್ಲ.

1858ರ ಡಿಸೆಂಬರ್ 16ರಂದು ಬ್ರೈಟ್ ನಿಧನನಾದನು. ಅವನನ್ನು ಬಲಿತೆಗೆದುಕೊಂಡದ್ದು ಮೂತ್ರಪಿಂಡಗಳ ರೋಗವಲ್ಲ. ಆ 34 ಹೃದಯಗಳಲ್ಲಿ ಹುಡುಕಿಯೂ ಅವನಿಗೆ ಸಿಕ್ಕದಿದ್ದ ಕವಾಟದ ದೋಷ.